ಚೇತರಿಕೆಯೂ ಒಂದು ಕಾಯಕವೇ

2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ನಡೆದ ಟೆಸ್ಟ್ ಪಂದ್ಯವನ್ನು ಕ್ರಿಕೆಟ್ ಬಲ್ಲ ಕನ್ನಡಿಗರು ಮರೆತಿರಲಾರರು. ಬ್ಯಾಟಿಂಗ್ ಮಾಡುವಾಗ ಚೆಂಡು ಬಡಿದು ದವಡೆ ಮುರಿದಿದ್ದರೂ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮೈದಾನಕ್ಕಿಳಿದರು. 14 ಓವರ್ ಎಸೆದು ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಅದರ ಬೆನ್ನಲ್ಲೇ ಅವರು ಸರಣಿಯನ್ನು ಅಲ್ಲಿಗೇ ಬಿಟ್ಟು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದ್ದು ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

ಅದಕ್ಕೂ ಮುನ್ನ, ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರಲ್ಲಿ ಸ್ವದೇಶದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಪ್ರಸಿದ್ಧ ಸರಣಿಯಿಂದ ಅವರು ಹೊರಗುಳಿಯಬೇಕಾಯಿತು. ಅವರಿಲ್ಲದೆಯೇ ತಂಡ ಗೆದ್ದಿತು. ಅವರು ತಿಂಗಳುಗಟ್ಟಲೆ ಕಾದು, ಅದೇ ವರ್ಷದ ಕೊನೆಯ ಭಾಗದಲ್ಲಿ ಮತ್ತೆ ಆಟಕ್ಕೆ ಬಂದರು. 2008ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿದ್ದ 619 ಟೆಸ್ಟ್ ವಿಕೆಟ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಭುಜದ ಶಸ್ತ್ರಚಿಕಿತ್ಸೆಯ ನಂತರ ಬಂದವು. ಆ 14 ಓವರ್‌ಗಳ ಧೈರ್ಯದಷ್ಟೇ ಈ ದೀರ್ಘ ಕಾಯುವಿಕೆಯ ಧೈರ್ಯವೂ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ.

ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ಎರಡನೆಯ ಧೈರ್ಯವೇ ಕಷ್ಟಸಾಧ್ಯ. ಪವರ್ ಪ್ರೆಸ್ಸಿಗೆ ಬೆರಳು ಸಿಕ್ಕಿದರೂ, ದ್ವಿಚಕ್ರ ವಾಹನದಿಂದ ಬಿದ್ದು ಕಾಲು ಮುರಿದರೂ ವಾರ ಕಳೆಯುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ಲೇತ್ ಯಂತ್ರದ ಪಕ್ಕದಲ್ಲಿ ಹಾಜರಾಗುವ ಮಾಲೀಕರು ಪ್ರತಿ ಊರಿನಲ್ಲೂ ಇದ್ದಾರೆ. ಕಾರ್ಮಿಕ ರಾಜ್ಯ ವಿಮೆಯ ವ್ಯಾಪ್ತಿಗೆ ಬರುವ ನೌಕರನಿಗೆ ಕೆಲಸದ ವೇಳೆ ಗಾಯವಾದರೆ, ತಾತ್ಕಾಲಿಕ ಅಶಕ್ತತೆಯ ಅವಧಿಗೆ ವೇತನದ ಶೇ. 90ರ ದರದಲ್ಲಿ ಪರಿಹಾರ ದೊರೆಯುತ್ತದೆ. ಘಟಕದ ಒಡೆಯನಿಗೆ ಆ ಆಸರೆಯಿಲ್ಲ. ಹಾಗಾಗಿ ಅವನು ತನಗೆ ತಾನೇ ರಜೆ ಮಂಜೂರು ಮಾಡಿಕೊಳ್ಳುವುದೇ ಇಲ್ಲ.

ಶರೀರದ ವೇಳಾಪಟ್ಟಿ

ಶರೀರ ತನ್ನದೇ ಆದ ಗಡುವನ್ನು ಹೊಂದಿದೆ. ಗ್ರಾಹಕನ ಒತ್ತಾಯಕ್ಕೆ ಅದು ಮಣಿಯದು. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ಬಳಿಕ ಮೃದುವಾದ ಬೆಸುಗೆ ಮೂಡಿ, ಅದು ಕ್ರಮೇಣ ಗಟ್ಟಿ ಮೂಳೆಯಾಗಿ ಮಾರ್ಪಡುತ್ತದೆ. ಮಣಿಕಟ್ಟಿನ ಸಾಮಾನ್ಯ ಮುರಿತಕ್ಕೆ ಸುಮಾರು 6 ವಾರ ಪ್ಲಾಸ್ಟರ್ ಬೇಕು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಕೂಡಲು 3ರಿಂದ 6 ತಿಂಗಳು ಹಿಡಿಯಬಹುದು. ತುಂಡಾದ ಸ್ನಾಯುರಜ್ಜುವನ್ನು ಹೊಲಿದ ಮೇಲೂ ಮೊದಲ ಕೆಲವು ವಾರಗಳಲ್ಲಿ ಅದು ಅತ್ಯಂತ ದುರ್ಬಲವಾಗಿರುತ್ತದೆ. ಭಾರ ಎತ್ತಲು ಸುಮಾರು 12 ವಾರ ಕಾಯಬೇಕಾಗುತ್ತದೆ. ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ವಾಸಿಯಾಯಿತೆಂದು ತಿಳಿದು ಸ್ಪ್ಯಾನರ್ ಹಿಡಿದರೆ ಒಳಗಿನ ಬೆಸುಗೆ ಕಿತ್ತು, ಮತ್ತೊಂದು ಶಸ್ತ್ರಚಿಕಿತ್ಸೆಯ ಖರ್ಚು ತಲೆಯ ಮೇಲೆ ಬೀಳುತ್ತದೆ.

ಹಾಗೆಂದು ಸಂಪೂರ್ಣ ನಿಶ್ಚಲತೆಯೂ ಹಿತವಲ್ಲ. ಅಲುಗಾಡದ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ಫಿಸಿಯೋಥೆರಪಿ ತಜ್ಞರು ಹೇಳಿಕೊಟ್ಟ ವ್ಯಾಯಾಮವನ್ನು ಹೇಳಿದಷ್ಟು ಬಾರಿ, ಹೇಳಿದಷ್ಟೇ ಪ್ರಮಾಣದಲ್ಲಿ ಮಾಡುವುದು ದಿನದ ಮುಖ್ಯ ಕೆಲಸವಾಗಬೇಕು. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ನಿಧಾನ. ಬೇಳೆಕಾಳು, ಹಾಲು, ಮೊಟ್ಟೆಗಳ ಜೊತೆಗೆ ನಮ್ಮ ರಾಗಿಯೂ ಉಪಯುಕ್ತ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಪ್ಲಾಸ್ಟರ್ ಹಾಕಿದ ಕೈಯ ಅಥವಾ ಕಾಲಿನ ಬೆರಳುಗಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಮನಸ್ಸಿನ ಲೆಕ್ಕ

ನೋವಿಗಿಂತ ಹೆಚ್ಚಾಗಿ ಕಾಡುವುದು ಮನಸ್ಸಿನ ತಳಮಳ. ‘ನಾನಿಲ್ಲದಿದ್ದರೆ ವ್ಯವಹಾರ ನಡೆಯದು’ ಎಂಬ ಚಿಂತೆ ಮೊದಲ ವಾರದ್ದು. ‘ನಾನಿಲ್ಲದೆಯೂ ನಡೆದುಹೋದರೆ?’ ಎಂಬ ಅಳುಕು ಮೂರನೆಯ ವಾರದ್ದು. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಬೆಳಗ್ಗೆ ಬೀಗ ತೆಗೆದು ರಾತ್ರಿ ಬೀಗ ಹಾಕುವವರೆಗೆ ದುಡಿದವನಿಗೆ, ಸ್ನಾನಕ್ಕೂ ಮಗನ ಕೈ ಹಿಡಿಯಬೇಕಾದ ಸ್ಥಿತಿ ಅವಮಾನವೆನಿಸುವುದು ಸಹಜ. ಸಿಡುಕು, ನಿದ್ರಾಹೀನತೆ, ಅಪಘಾತದ ಕ್ಷಣ ಮತ್ತೆಮತ್ತೆ ಕಣ್ಣಮುಂದೆ ಬರುವುದು, ಅದೇ ಯಂತ್ರದ ಸದ್ದಿಗೆ ಎದೆ ನಡುಗುವುದು ದೌರ್ಬಲ್ಯದ ಲಕ್ಷಣಗಳಲ್ಲ. ಪೆಟ್ಟು ತಿಂದ ಮನಸ್ಸು ನಡೆದುಕೊಳ್ಳುವ ರೀತಿಯೇ ಹಾಗೆ.

ಎರಡು ವಾರ ಕಳೆದರೂ ಈ ಮಂಕು ಹರಿಯದಿದ್ದರೆ ವೈದ್ಯರಲ್ಲಿ ಹೇಳಿಕೊಳ್ಳಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಯೋಜನೆಯ ಮುಖ್ಯ ಕೇಂದ್ರ. ಮನೆಯವರೂ ‘ಏನೂ ಆಗಿಲ್ಲ ಬಿಡಿ’ ಎಂದು ತಳ್ಳಿಹಾಕದೆ ಕುಳಿತು ಕೇಳಿಸಿಕೊಳ್ಳುವುದು ಒಳಿತು.

ದಿನಕ್ಕೊಂದು ಸಣ್ಣ ಗುರಿ ಇರಲಿ. ಇಂದು ಬೆರಳು ಮಡಿಸಿದ್ದು ಎಷ್ಟು, ಊರುಗೋಲಿನಲ್ಲಿ ನಡೆದದ್ದು ಎಷ್ಟು ಹೆಜ್ಜೆ ಎಂದು ದಿನವಹಿ ಪುಸ್ತಕದಲ್ಲಿ ಬರೆದಿಡುವುದು ಲೆಕ್ಕ ಬಲ್ಲ ವ್ಯಾಪಾರಿಗೆ ಒಗ್ಗುವ ಉಪಾಯ. ಒಂದು ದಿನದಲ್ಲಿ ಕಾಣದ ಪ್ರಗತಿ ತಿಂಗಳ ಕೊನೆಯ ಮೊತ್ತದಲ್ಲಿ ಕಾಣುತ್ತದೆ.

ಮುಂಚಿತ ಏರ್ಪಾಡು

ಗುಣವಾಗಲು ಬೇಕಾದ ನಿಶ್ಚಿಂತೆ ಬಹುಮಟ್ಟಿಗೆ ಪೆಟ್ಟು ಬೀಳುವ ಮುನ್ನವೇ ಸಿದ್ಧವಾಗಬೇಕು. ಬ್ಯಾಂಕ್ ಖಾತೆಗೆ ಸಹಿ ಮಾಡಬಲ್ಲ ಇನ್ನೊಬ್ಬರು ಇದ್ದಾರೆಯೇ? ಬರಬೇಕಾದ ಬಾಕಿ, ಕೊಡಬೇಕಾದ ಮಾಲಿನ ಪಟ್ಟಿ ಮಾಲೀಕನ ತಲೆಯಲ್ಲಿ ಮಾತ್ರವಿದೆಯೇ, ಕಾಗದದಲ್ಲಿಯೂ ಇದೆಯೇ? ಪ್ರತಿ ತಿಂಗಳು ಜಿ.ಎಸ್.ಟಿ. ವಿವರಪಟ್ಟಿ ಸಲ್ಲಿಸುವವರಿಗೆ, ಕೈ ಮುರಿದರೂ 20ನೇ ತಾರೀಖು ಕಾಯದು. ವೈಯಕ್ತಿಕ ಅಪಘಾತ ವಿಮೆಯಲ್ಲಿ ತಾತ್ಕಾಲಿಕ ಪೂರ್ಣ ಅಶಕ್ತತೆಗೆ ವಾರದ ಲೆಕ್ಕದಲ್ಲಿ ಹಣ ನೀಡುವ ಸೌಲಭ್ಯವುಂಟು. ಪಾಲಿಸಿ ಕೊಳ್ಳುವಾಗ ಅದು ಸೇರಿದೆಯೇ ಎಂದು ಕೇಳಿ ನೋಡಬೇಕು.

ಮರಳುವುದೂ ಹಂತಹಂತವಾಗಿರಲಿ. ಮೊದಲು ಫೋನಿನಲ್ಲಿ ವಿಚಾರಣೆ, ಬಳಿಕ ಅರ್ಧ ದಿನ ಕಚೇರಿ, ವೈದ್ಯರ ಒಪ್ಪಿಗೆಯ ನಂತರವೇ ಯಂತ್ರ. ಗಾಯಗೊಂಡ ಕಾರ್ಮಿಕನಿಗೂ ಇದೇ ಕ್ರಮ ಸಲ್ಲಬೇಕು. ತನ್ನ ಕೈಗೆ ಆರು ವಾರ ಕೊಡದ ಮಾಲೀಕ ಕಾರ್ಮಿಕನ ಕೈಗೆ ಕೊಡುವುದು ಅಪರೂಪ. ಜೊತೆಗೆ, ಬೆರಳು ಸಿಕ್ಕಿದ ಆ ಯಂತ್ರಕ್ಕೆ ರಕ್ಷಾಕವಚ ಅಳವಡಿಸಿದ ಮೇಲಷ್ಟೇ ಅದನ್ನು ಮತ್ತೆ ಚಾಲೂ ಮಾಡಬೇಕು.

ತಾಳಿದವನು ಬಾಳಿಯಾನು ಎಂದರು ಹಿರಿಯರು. ಯಂತ್ರ ಕೆಟ್ಟರೆ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ. ದುಡಿಯುವ ಕೈಗೆ ಬಿಡಿಭಾಗ ಯಾವ ಪೇಟೆಯಲ್ಲೂ ದೊರೆಯದು.