ಬಿ.ಪಿ. ಇಲ್ಲದವರಿಗೂ ಬಿ.ಪಿ. ಮಾತ್ರೆ ಏಕೆ?

ಬೋಧನಾಭ್ಯಾಸದಲ್ಲಿ ಹತ್ತನೆಯ ತರಗತಿಗೆ ಹೃದಯದ ಪಾಠ ಮಾಡುವಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮಿಸ್, ತಾತನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಬಿ.ಪಿ. ನಾರ್ಮಲ್ ಇದೆ. ಆದ್ರೂ ಬಿ.ಪಿ. ಮಾತ್ರೆ ಕೊಟ್ಟಿದ್ದಾರೆ. ತಾತ ಅದನ್ನ ನಿಲ್ಲಿಸ್ತೀನಿ ಅಂತಿದ್ದಾರೆ." ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎಂದಷ್ಟೇ ಹೇಳಿ, ಓದಿಕೊಂಡು ಮರುದಿನ ವಿವರಿಸಿದೆ.

ಹೃದಯ ನಿಮಿಷಕ್ಕೆ 72 ಬಾರಿ ಮಿಡಿದರೆ ದಿನಕ್ಕೆ 1,03,680 ಮಿಡಿತಗಳಾಗುತ್ತವೆ. ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ಮೇಲೆ ಅಡ್ರಿನಲಿನ್ ಬೀರುವ ಪ್ರಭಾವವನ್ನು ತಗ್ಗಿಸುತ್ತವೆ. ಮಿಡಿತ 60ಕ್ಕೆ ಇಳಿದರೆ ದಿನಕ್ಕೆ 17,280 ಮಿಡಿತಗಳ ಶ್ರಮ ಉಳಿಯುತ್ತದೆ. ಹೃದಯದ ಸ್ನಾಯುವಿಗೆ ಹೆಚ್ಚಿನ ರಕ್ತ ಸಿಗುವುದು ಅದು ಸಡಿಲಗೊಂಡಾಗ. ಮಿಡಿತ ನಿಧಾನವಾದರೆ ಆ ಬಿಡುವೂ ಹೆಚ್ಚುತ್ತದೆ. ಎನಲಾಪ್ರಿಲ್‌ನಂತಹ ಮಾತ್ರೆಗಳ ದಾರಿ ಬೇರೆ. ಅವು ರಕ್ತನಾಳಗಳನ್ನು ಹಿಗ್ಗಿಸಿ, ಗಾಯಗೊಂಡ ಎಡ ಹೃತ್ಕುಕ್ಷಿ ರಕ್ತವನ್ನು ಹೊರದೂಡಲು ಪಡಬೇಕಾದ ಕಷ್ಟವನ್ನು ಕಡಿಮೆ ಮಾಡುತ್ತವೆ.

ಹಾಗಾದರೆ 'ಬಿ.ಪಿ. ಮಾತ್ರೆ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಪ್ರೊಪ್ರನೊಲಾಲ್ ರೂಪಿಸಿದ್ದು ಹೃದಯದ ಎದೆನೋವಿಗಾಗಿ. ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು ತಿಳಿದದ್ದು ಅನಂತರ. ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತರಗತಿಯಲ್ಲಿ ಮಕ್ಕಳಿಂದ ಒಂದು ನಿಮಿಷ 72 ಬಾರಿ, ವಿರಾಮದ ಬಳಿಕ 60 ಬಾರಿ ಮುಷ್ಟಿ ಬಿಗಿದು ಬಿಡಿಸಿದೆ. ವ್ಯತ್ಯಾಸ ಕೈಗೇ ತಿಳಿಯಿತು. ಕೊನೆಗೆ, ಬೀಟಾ ಬ್ಲಾಕರನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು ಎಂದು ತಿಳಿಸಿದೆ. "ಇವತ್ತೇ ತಾತನಿಗೆ ಹೇಳ್ತೀನಿ ಮಿಸ್" ಎಂದಳು. ನನ್ನ ಪಾಠಯೋಜನೆಯ ವಿಸ್ತರಣೆ ಹಂತದಲ್ಲಿ ಈಗ ಅವಳ ಪ್ರಶ್ನೆಯಿದೆ.