ಪಡಸಾಲೆಯ ಸಮುದ್ರ, ಹೊಲದ ಸವಳು

ಚಿಕ್ಕೋಡಿಯಿಂದ ರಾಯಬಾಗ ದಾಟಿ, ಕುಡಚಿಯ ಸೇತುವೆಯ ಮೇಲೆ ಕೃಷ್ಣೆಯನ್ನು ಹಾಯ್ದರೆ ಉಗಾರ. 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಊರು ಅದು. ಅಲ್ಲಿಂದ ಐನಾಪುರದ ಕಡೆ ತಿರುಗಿ ಕಬ್ಬಿನ ನಡುವಿನ ಬಂಡಿದಾರಿ ಹಿಡಿದರೆ ನಾನು ಕೇಳಿಕೊಂಡು ಬಂದ ತೋಟದ ಮನೆ ಸಿಗುತ್ತದೆ. ಅಂಗಳದಲ್ಲಿ ಟ್ರ್ಯಾಕ್ಟರ್, ಎರಡು ಎಮ್ಮೆ, ಗೊಬ್ಬರದ ಖಾಲಿ ಚೀಲಗಳು. ಪಡಸಾಲೆಯಲ್ಲಿ ಸಮುದ್ರ.

ಗಾಜಿನ ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್ ಹಿಡಿಯುತ್ತದೆ. ನೀರಿನ ತೂಕವೇ ಕಾಲು ಟನ್ನು. ಹಾಗಾಗಿ ಮನೆಯ ಮಗ ಕಟ್ಟಿಗೆಯ ಮೇಜು ಬಿಟ್ಟು, ಟ್ರೇಲರ್ ಬೆಸೆಯುವವರ ಹತ್ತಿರ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದಾನೆ. ಪಕ್ಕದ ಸಣ್ಣ ತೊಟ್ಟಿಯಲ್ಲಿ ಈ ಎಲ್ಲ ಏರ್ಪಾಡಿಗೆ ಕಾರಣನಾದವನು ಈಜುತ್ತಿದ್ದಾನೆ: ಹಸಿರು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳ ಪಫರ್ ಮೀನು, ಬೆರಳುದ್ದ. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಊಟ ಹಾಕುವ ಹುಡುಗನ ಕಡೆ.

"ಸಿಹಿನೀರಿನ ಮೀನ ಅಂತ ಹೇಳಿ ಕೊಟ್ಟಿದ್ರು ರೀ. ಎರಡ ತಿಂಗಳಿಗೆ ಹೊಟ್ಟಿ ಕರ್ರಗಾತು. ಮೂಲ್ಯಾಗ ಹೋಗಿ ಕುಂತಬಿಡ್ತು," ಎಂದ ಹುಡುಗ.

ಈ ಜಾತಿಯ ಮೀನಿಗೆ ಆಗಾಗ ಆಗುವ ಅನ್ಯಾಯ ಇದು. ಮರಿಯಿದ್ದಾಗ ಹೊಳೆ ಸಮುದ್ರ ಸೇರುವ ಅಳಿವೆಗಳಲ್ಲಿ ಬೆಳೆಯುತ್ತದೆ. ಸಿಹಿನೀರಿನಲ್ಲಿ ಕೆಲವು ಕಾಲ ತಡೆದುಕೊಳ್ಳುತ್ತದೆ. ಆ ತಾಳ್ಮೆಯನ್ನೇ ನೋಡಿ ಅದನ್ನು ಸಿಹಿನೀರಿನದೆಂದು ಮಾರುತ್ತಾರೆ. ದೊಡ್ಡದಾದಂತೆ ಉಪ್ಪು ಬೇಕು. ಸರಿಯಾಗಿ ಸಾಕಿದರೆ ಗೇಣುದ್ದಕ್ಕೆ ಹತ್ತಿರ ಬೆಳೆದು ಹತ್ತು ವರ್ಷ ಬದುಕೀತು. ಹುಡುಗ ಇದನ್ನೆಲ್ಲ ತಿಳಿದುಕೊಂಡು ಸಣ್ಣ ತೊಟ್ಟಿಗೆ ವಾರವಾರ ಉಪ್ಪೇರಿಸುತ್ತ ಬಂದ. ನೀರಿನ ಸಾಂದ್ರತೆ ವಾರಕ್ಕೆ 0.002ಕ್ಕಿಂತ ಹೆಚ್ಚು ಏರಬಾರದು. ಸಿಹಿನೀರಿನದು 1.000, ಸಮುದ್ರದ್ದು 1.025ರ ಆಸುಪಾಸು. ಈಗ 1.020ಕ್ಕೆ ಬಂದಿದೆ. ಹೊಟ್ಟೆ ಮತ್ತೆ ಹಾಲಿನಷ್ಟು ಬೆಳ್ಳಗಿದೆ. ಇವತ್ತು ದೊಡ್ಡ ತೊಟ್ಟಿಗೆ ಹೋಗುವ ದಿನ.

ಕಟ್ಟೆಯ ಮೇಲೆ ಕೂತಿದ್ದ ತಂದೆಯವರು ತಮ್ಮ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಕೇಳಿದರು. "ಅಲ್ರಿ, ನಮ್ಮ ಬೋರಿನ ನೀರೇ ಉಪ್ಪೈತಿ. ಅದನ್ನ ಹಾಕೂದ ಬಿಟ್ಟು ಈ ಹುಡುಗ ರೊಕ್ಕಾ ಕೊಟ್ಟು ಉಪ್ಪ ತರತಾನ."

ಕೇಳಬೇಕಾದ ಪ್ರಶ್ನೆಯೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಅಡುಗೆ ಉಪ್ಪಿನ ಪಾಲೇ ಹೆಚ್ಚು, ಆದರೆ ಮ್ಯಾಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಗೊತ್ತಾದ ಪ್ರಮಾಣದಲ್ಲಿ ಇರುತ್ತವೆ. ಬೋರಿನ ನೀರು ಎಷ್ಟೇ ಉಪ್ಪೆನಿಸಿದರೂ ಸಮುದ್ರಕ್ಕೆ ಹೋಲಿಸಿದರೆ ತೀರ ತೆಳು, ಬೆರಕೆಯೂ ಬೇರೆ. ಕಬ್ಬಿಗೆ ಹಾಕಿದ ಗೊಬ್ಬರದ ನೈಟ್ರೇಟ್ ಕೂಡ ಇಳಿದಿರಬಹುದು. ಅದಕ್ಕೇ ಹುಡುಗ ಊರ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತಂದು, ಅದರಲ್ಲಿ ಅಕ್ವೇರಿಯಮ್ಮಿನ ಸಮುದ್ರ ಉಪ್ಪು ಕದಡುತ್ತಾನೆ. ತೊಟ್ಟಿ ತುಂಬಲು ಹನ್ನೆರಡು ಹದಿಮೂರು ಕ್ಯಾನು, ಸದ್ಯಕ್ಕೆ ಏಳು ಕಿಲೋದಷ್ಟು ಉಪ್ಪು. ಪೂರ್ತಿ ಸಮುದ್ರ ಮಾಡಬೇಕೆಂದರೆ ಒಂಬತ್ತು ಕಿಲೋ.

ಮೀನಿಲ್ಲದೆ ಆರು ವಾರ ತೊಟ್ಟಿ ಓಡಿದೆ. ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಏಳುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್. ಮೊದಲಿನ ಎರಡೂ ಮೀನಿಗೆ ವಿಷ. ಪರೀಕ್ಷೆಯಲ್ಲಿ ಅವೆರಡೂ ಸೊನ್ನೆಗೆ ಇಳಿಯುವವರೆಗೆ ಕಾಯಲೇಬೇಕು. ಯೂರಿಯಾ ಹಾಕಿದ ಮಣ್ಣಿನಲ್ಲಿ ಆಗುವುದೂ ಇದೇ ಎಂದಾಗ ತಂದೆಯವರು ತಲೆಯಾಡಿಸಿದರು.

ಕಲ್ಲಿನ ವಿಷಯದಲ್ಲಿ ಹುಡುಗನ ಆಯ್ಕೆ ನನಗೆ ತುಂಬ ಹಿಡಿಸಿತು. ಹವಳದ ಕಲ್ಲನ್ನು ಸಮುದ್ರದಿಂದ ತೆಗೆಯುವುದು ನಮ್ಮ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇವನು ಬದುವಿನ ಕರಿಕಲ್ಲನ್ನೇ ತಿಕ್ಕಿ ತೊಳೆದು ಗವಿಯಂತೆ ಜೋಡಿಸಿದ್ದಾನೆ. ಹಳೆಯ ಜ್ವಾಲಾಮುಖಿಯ ಕಲ್ಲು, ನೀರಿನ ಗುಣ ಕೆಡಿಸುವುದಿಲ್ಲ. ಹೊಲಕ್ಕೆ ಔಷಧ ಹೊಡೆದ ದಿನ ತೊಟ್ಟಿಯೊಳಗೆ ಕೈ ಹಾಕುವುದಿಲ್ಲ. ಮೀನಿನ ಊಟಕ್ಕೆ ಕಾಲುವೆಯ ಬಸವನಹುಳು ತರುವುದಿಲ್ಲ, ಬಕೆಟ್ಟಿನಲ್ಲಿ ತಾನೇ ಬೆಳೆಸುತ್ತಾನೆ. ಪಫರಿನ ನಾಲ್ಕು ಹಲ್ಲು ಕೂಡಿ ಗಿಳಿಯ ಕೊಕ್ಕಿನಂತಾಗಿವೆ, ಸಾಯುವವರೆಗೂ ಬೆಳೆಯುತ್ತವೆ. ಗಟ್ಟಿ ಚಿಪ್ಪು ಕಡಿದು ಸವೆಸದಿದ್ದರೆ ಬಾಯಿ ತೆರೆಯಲಾಗದೆ ಉಪವಾಸ ಬೀಳುತ್ತದೆ. ಕರೆಂಟ್ ಹೋದಾಗ ಗಾಳಿಯ ಪಂಪಿಗೆ ಬ್ಯಾಟರಿ ಇದೆ.

ಮೀನು ಸಾಗಿಸುವ ಹೊತ್ತು. ಬಲೆ ಬೇಡ. ಹೆದರಿದ ಪಫರ್ ನೀರು ನುಂಗಿ ಉಬ್ಬುತ್ತದೆ. ನೀರಿನಿಂದ ಮೇಲೆತ್ತಿದರೆ ಗಾಳಿ ನುಂಗೀತು, ಅದನ್ನು ಹೊರಹಾಕಲು ಆಗದೆ ಸತ್ತೂ ಹೋದೀತು. ಹುಡುಗ ಪ್ಲಾಸ್ಟಿಕ್ ಡಬ್ಬಿಯನ್ನು ನೀರೊಳಗೇ ಇಳಿಸಿ ಸುಮ್ಮನೆ ಹಿಡಿದ. ಮೀನು ತಾನಾಗಿ ಒಳಗೆ ಬಂತು. ನೀರಿನ ಸಮೇತ ಎತ್ತಿ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿದ. ಅದು ಹೊರಬಂದು ಕರಿಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಗವಿಯ ಬಾಯಲ್ಲಿ ನಿಂತು ನಮ್ಮೆಲ್ಲರನ್ನೂ ನೋಡಿತು. "ಅಂಜೈತಿ ಕೂಸು," ಎಂದರು ತಾಯಿ.

ತೊಟ್ಟಿಯ ಗಾಜಿಗೆ ಒಂದು ಗೆರೆ ಎಳೆದಿದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಲೀಟರ್ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಗೆರೆಯವರೆಗೆ ತುಂಬುವಾಗ ಸಿಹಿನೀರೇ ಹಾಕಬೇಕು. ಇದನ್ನು ಮನೆಯಲ್ಲಿ ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ. ಹಿತ್ತಲಿನಾಚೆ ಎರಡು ಎಕರೆ ಎರೆಹೊಲ ಹೀಗೆಯೇ ಸವಳಾಗಿದೆ. ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿದರು; ನೀರು ಬಿಸಿಲಿಗೆ ಹೋಯಿತು, ಅದು ತಂದ ಲವಣ ನಿಂತಿತು, ತಳದ ನೀರು ಮೇಲೇರಿ ಜವಳೂ ಆಯಿತು. ಈಗ ಅಲ್ಲಿ ಬಿಳಿ ಹುಡಿ ಮತ್ತು ಜಾಲಿ. ಉಗಾರ ಬುದ್ರುಕದ ಕಡೆ ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರು ಬಸಿಯುವ ಕೆಲಸ ನಡೆದಿದೆ. ತಮ್ಮ ಹೊಲಕ್ಕೂ ಅದನ್ನು ಹಾಕಿಸಬೇಕೆಂದು ತಂದೆಯವರ ಆಸೆ.

ತೊಟ್ಟಿಗೂ ಬಸಿಗಾಲುವೆ ಬೇಕು. ನೈಟ್ರೇಟ್ ಕೂಡದಂತೆ ವಾರಕ್ಕೆ 40 ಲೀಟರ್ ತೆಗೆದು ಹೊಸದು ಹಾಕಬೇಕು. ತೆಗೆದ ನೀರಿನಲ್ಲಿ ಒಂದು ಕಿಲೋಗೂ ಮಿಕ್ಕಿ ಉಪ್ಪು. ಅಕ್ವೇರಿಯಮ್ಮಿಗೆ ಒಪ್ಪುವಾಗ ತಂದೆಯವರು ಹಾಕಿದ್ದು ಒಂದೇ ಷರತ್ತು: "ಹೊಲಕ್ಕ ಒಂದ ತಂಬಗಿ ಬೀಳಬಾರದು."

ಮೊದಲ ಸಲ ತೆಗೆದ ನೀರು ಎಲ್ಲಿ ಹೋಯಿತೆಂದು ನೋಡಲು ಮಾಳಿಗೆ ಹತ್ತಿದೆ. ನಾಲ್ಕೂ ಕಡೆ ಇಟ್ಟಿಗೆ ಇಟ್ಟು ತಾಡಪತ್ರಿ ಹಾಸಿ, ಅದರ ಮೇಲೆ ಸುರಿದಿದ್ದಾರೆ. ನಡುವೆ ಇನ್ನೂ ಬೆರಳಗಲ ನೀರು, ಅಂಚಿಗೆ ಬಿಳಿ ಹಕ್ಕಳೆ. ಕೆಳಗೆ ಸವಳು ಹೊಲ ಬಿಸಿಲಿಗೆ ಹೊಳೆಯುತ್ತಿತ್ತು. ತಾಯಿ ತೆಂಗಿನ ಚಿಪ್ಪಿನಿಂದ ಹಕ್ಕಳೆ ಕೆರೆದು ಗೊಬ್ಬರದ ಖಾಲಿ ಚೀಲಕ್ಕೆ ತುಂಬುತ್ತಿದ್ದರು.