ಪಿಆರ್ ಕಾಗದ ಬರುವ ಮುನ್ನ ಮನೆ ಖಾಲಿ ಮಾಡಬಹುದೇ?

ಪ್ರಶ್ನೆ: ಕೆನಡಾದಲ್ಲಿ ಕಾಯಂ ವಾಸಕ್ಕೆ (ಪಿಆರ್) ಅರ್ಜಿ ಹಾಕಿದ್ದೇವೆ. ಮೆಡಿಕಲ್ ಪರೀಕ್ಷೆಯೂ ಮುಗಿಯಿತು. ಈಗಲೇ ಕೆಲಸ ಬಿಟ್ಟು, ಬಾಡಿಗೆ ಮನೆ ಖಾಲಿ ಮಾಡಬಹುದೇ?

ಉತ್ತರ: ದಯವಿಟ್ಟು ಅವಸರ ಬೇಡ. ಮೆಡಿಕಲ್ ಆದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಅರ್ಜಿ ಮಂಜೂರಾದ ಮೇಲೆ ‘ಸಿಒಪಿಆರ್’ ಎಂಬ ದೃಢೀಕರಣ ಪತ್ರ ಬರುತ್ತದೆ. ಭಾರತೀಯರ ಪಾಸ್‌ಪೋರ್ಟ್‌ಗೆ ವೀಸಾ ಕೂಡ ಅಂಟಿಸುತ್ತಾರೆ. ಇವೆರಡೂ ಕೈಸೇರಿದ ಮೇಲೆಯೇ ರಾಜೀನಾಮೆ, ಟಿಕೆಟ್.

ಪತ್ರ ಬಂದ ಕೂಡಲೇ ಅದರ ಕೊನೆಯ ದಿನಾಂಕ ನೋಡಿ. ಮೆಡಿಕಲ್ ವರದಿ ಸಾಮಾನ್ಯವಾಗಿ 12 ತಿಂಗಳು ಊರ್ಜಿತ. ಅದು ಅಥವಾ ಪಾಸ್‌ಪೋರ್ಟ್, ಯಾವುದು ಮೊದಲು ಮುಗಿಯುತ್ತದೋ ಪತ್ರದ ಗಡುವೂ ಹೆಚ್ಚಾಗಿ ಅಲ್ಲಿಗೇ. ಹೀಗಾಗಿ ತಿಂಗಳುಗಟ್ಟಲೆ ಕಾದವರಿಗೂ ಹೊರಡಲು ಕೆಲವೇ ವಾರ ಉಳಿಯಬಹುದು. ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂದಿದ್ದರೆ ಈಗಲೇ ನವೀಕರಿಸಿ, ಹೊಸ ಸಂಖ್ಯೆಯನ್ನು ಕೆನಡಾದ ವಲಸೆ ಇಲಾಖೆಗೆ ತಿಳಿಸಿಬಿಡಿ.

ಪಿಆರ್ ಕಾರ್ಡಿಗಾಗಿ ಇಲ್ಲಿ ಕಾಯಬೇಕಿಲ್ಲ. ಅದು ನೀವು ಅಲ್ಲಿಗೆ ಹೋದ ಮೇಲೆ ಕೆನಡಾದ ವಿಳಾಸಕ್ಕೇ ಬರುತ್ತದೆ.

ಕಾಯುವ ದಿನಗಳು ವ್ಯರ್ಥವಲ್ಲ. ಮಗುವಿದ್ದರೆ, ಅದರ ‘ತಾಯಿ ಕಾರ್ಡಿ’ನಲ್ಲಿ ಶಾಯಿ ಮಾಸಿದ ಲಸಿಕೆ ದಿನಾಂಕಗಳನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಅಲ್ಲಿ ಶಾಲೆಗೆ ಸೇರಿಸುವಾಗ ಆ ಒಂದು ಹಾಳೆ ನೆರವಿಗೆ ಬರುತ್ತದೆ.